ನೀರು ಕುಡಿದು ಓಡುವ ಗಾಡಿ!

ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ ನೀರಿನಿಂದ ಓಡುವ ಗಾಡಿಯ ಕಥೆಗೆ ಮತ್ತೆ ಜೀವ ಬಂದಿದೆ. ಬ್ಯಾಟರಿಗೆ ಒಂದು ಡಬ್ಬಿ ಜೋಡಿಸಿ, ನೀರು ತುಂಬಿ, ಅರ್ಧ ಪೆಟ್ರೋಲ್ ಉಳಿಸಿ ಅನ್ನೋ ವಿಡಿಯೋಗಳು ನಮ್ಮ ನಾಲವಾರ, ವಾಡಿ, ಚಿತ್ತಾಪುರದ ಕಡೆಗೂ ಬಂದಿವೆ. "ಇಂಜಿನಿಯರ್ ಇದ್ದೀರಲ್ರಿ, ಇದು ಖರೇ ಏನ್ರಿ?" ಅಂತ ಕೇಳುವವರಿದ್ದಾರೆ. ನನ್ನ ಕೆಲಸ ಸಾಫ್ಟ್‌ವೇರು, ನಿಜ. ಆದರೆ ಈ ಲೆಕ್ಕಕ್ಕೆ ಪಿಯುಸಿ ಕೆಮಿಸ್ಟ್ರಿ ಸಾಕು.

ಹೈಡ್ರೋಜನ್ ಉರಿದರೆ ನೀರಾಗುತ್ತದೆ. ಅಂದರೆ ನೀರು ಆಗಲೇ ಉರಿದು ಮುಗಿದ ಬೂದಿ. ಬೂದಿಯನ್ನು ಮತ್ತೆ ಕಟ್ಟಿಗೆ ಮಾಡಬೇಕಾದರೆ ಹೊರಗಿನಿಂದ ಶಕ್ತಿ ಕೊಡಲೇಬೇಕು. ಒಂದು ಕಿಲೋ ಹೈಡ್ರೋಜನ್‌ಗೆ ಸುಮಾರು 9 ಲೀಟರ್ ನೀರು ಮತ್ತು 50 ಯೂನಿಟ್‌ಗೂ ಹೆಚ್ಚು ಕರೆಂಟು ಬೇಕು. ಅದನ್ನು ಬಳಸಿದಾಗ ಸಿಗುವ ಶಕ್ತಿ ಸುಮಾರು 33 ಯೂನಿಟ್. ಹದಿನೇಳು ಯೂನಿಟ್ ಅಲ್ಲೇ ಖೋತಾ!

ಗಾಡಿಯೊಳಗೆ ಸ್ಥಿತಿ ಇನ್ನೂ ಕೆಟ್ಟದ್ದು. ಆ ಡಬ್ಬಿಗೆ ಕರೆಂಟು ಬರೋದು ಆಲ್ಟರ್ನೇಟರ್‌ನಿಂದ, ಅದನ್ನು ತಿರುಗಿಸೋದು ಇಂಜಿನ್, ಇಂಜಿನ್ ಕುಡಿಯೋದು ಪೆಟ್ರೋಲ್. ಪೆಟ್ರೋಲ್‌ನಲ್ಲಿ 100 ಭಾಗ ಶಕ್ತಿ ಇದ್ದರೆ ಇಂಜಿನ್ ಅದರಲ್ಲಿ ಸುಮಾರು 25 ಕೊಡುತ್ತದೆ, ಆಲ್ಟರ್ನೇಟರ್ ದಾಟಿ 15 ಉಳಿಯುತ್ತದೆ, ನೀರು ಒಡೆಯುವಷ್ಟರಲ್ಲಿ 10. ಆ ಅನಿಲವನ್ನು ಅದೇ ಇಂಜಿನ್‌ನಲ್ಲಿ ಸುಟ್ಟರೆ ಚಕ್ರಕ್ಕೆ ಸಿಗೋದು ಎರಡೂವರೆ. ನೇರವಾಗಿ ಚಕ್ರಕ್ಕೆ ಕೊಟ್ಟಿದ್ದರೆ 25 ಇತ್ತಲ್ಲ?

"ಅಲ್ರೀ, ಹೈಡ್ರೋಜನ್ ಸೇರಿಸಿದರೆ ಪೆಟ್ರೋಲ್ ಪೂರ್ತಿ ಉರಿಯುತ್ತೆ" ಅನ್ನೋದು ಮಾರುವವರ ಮುಂದಿನ ವಾದ. ಈಗಿನ ಇಂಜಿನ್‌ಗಳಲ್ಲಿ ಪೆಟ್ರೋಲ್ ಹೆಚ್ಚೂಕಡಿಮೆ ಪೂರ್ತಿಯೇ ಉರಿಯುತ್ತದೆ. ನಷ್ಟ ಆಗೋದು ರೇಡಿಯೇಟರ್ ಮತ್ತು ಸೈಲೆನ್ಸರ್‌ನಿಂದ ಹೋಗುವ ಶಾಖದಲ್ಲಿ. ಅದನ್ನು ಡಬ್ಬಿ ತಡೆಯೋದಿಲ್ಲ. ಮೇಲಾಗಿ ಹೈಡ್ರೋಜನ್, ಆಮ್ಲಜನಕ ಒಟ್ಟಿಗೇ ಇದ್ದರೆ ಒಂದು ಕಿಡಿ ಸಾಕು, ಸಿಡಿಯುತ್ತದೆ.

ನಮ್ಮ ಕಡೆಯವರಿಗೆ ಸುಣ್ಣ ಗೊತ್ತು. ಭಟ್ಟಿಯಲ್ಲಿ ಸುಟ್ಟ ಸುಣ್ಣದ ಕಲ್ಲಿಗೆ ನೀರು ಹೊಯ್ದರೆ ಕೊತಕೊತ ಕುದಿಯುತ್ತದೆ. ಆ ಶಾಖ ನೀರಿನದು ಅಂತ ಯಾರೂ ಹೇಳೋದಿಲ್ಲ, ಭಟ್ಟಿಯಲ್ಲಿ ಕೊಟ್ಟಿದ್ದರ ಒಂದು ಪಾಲು ವಾಪಸ್ ಬಂತು ಅಷ್ಟೇ. ಕೆಲವು ಲೋಹಗಳಿಗೆ ನೀರು ಸೇರಿಸಿ ಹೈಡ್ರೋಜನ್ ಪಡೆಯುವುದೂ ಹೀಗೆಯೇ. ಅಲ್ಲಿ ಖರ್ಚಾಗುವ ಇಂಧನ ಲೋಹ, ನೀರಲ್ಲ.

ಈ ನಾಟಕ ಹಳೆಯದು. ಅಮೆರಿಕದ ಸ್ಟ್ಯಾನ್ಲಿ ಮೇಯರ್‌ನ ಯಂತ್ರವನ್ನು ತಜ್ಞರು ನೋಡಿ, ಇದು ಮಾಮೂಲಿ ಎಲೆಕ್ಟ್ರಾಲಿಸಿಸ್ ಎಂದರು. 1996ರಲ್ಲಿ ಒಹಾಯೋದ ನ್ಯಾಯಾಲಯ ಅದನ್ನು ವಂಚನೆ ಎಂದು ಹೇಳಿ ಹೂಡಿಕೆದಾರರಿಗೆ 25 ಸಾವಿರ ಡಾಲರ್ ವಾಪಸ್ ಕೊಡಿಸಿತು. 2008ರಲ್ಲಿ ಜಪಾನಿನ ಜೆನೆಪ್ಯಾಕ್ಸ್ ಒಸಾಕಾದಲ್ಲಿ ಕಾರು ಓಡಿಸಿ ತೋರಿಸಿತು, ಮರುವರ್ಷ ಬಾಗಿಲು ಹಾಕಿತು. 2012ರಲ್ಲಿ ಪಾಕಿಸ್ತಾನದ ಆಘಾ ವಕಾರ್‌ಗೆ ಮಂತ್ರಿಯೊಬ್ಬರೇ ಬೆಂಬಲ ಕೊಟ್ಟರು. ಅದು ಅಸಾಧ್ಯ ಎಂದು ಗಟ್ಟಿಯಾಗಿ ಹೇಳಿದವರಲ್ಲಿ ಭೌತವಿಜ್ಞಾನಿ ಪರ್ವೇಜ್ ಹೂಡ್‌ಭಾಯ್ ಒಬ್ಬರು.

ಹಾಗಾದರೆ ಹೈಡ್ರೋಜನ್ ಗಾಡಿಯೇ ಸುಳ್ಳಾ? ಖಂಡಿತ ಅಲ್ಲ. 2022ರ ಮಾರ್ಚ್‌ನಲ್ಲಿ ನಿತಿನ್ ಗಡ್ಕರಿ ಸಂಸತ್ತಿಗೆ ಬಂದಿದ್ದು ಹೈಡ್ರೋಜನ್‌ನಿಂದ ಓಡುವ ಟೊಯೋಟಾ ಮಿರಾಯ್‌ನಲ್ಲಿ. 2023ರಲ್ಲಿ ಒಪ್ಪಿಗೆ ಸಿಕ್ಕ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ನ ಗುರಿ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್. ಆದರೆ ಅಲ್ಲಿ ನೀರನ್ನು ಒಡೆಯೋದು ಬಿಸಿಲು, ಗಾಳಿಯ ಕರೆಂಟಿನಿಂದ. ಹೈಡ್ರೋಜನ್ ಆ ಶಕ್ತಿಯನ್ನು ಹೊತ್ತು ತರುವ ಹಮಾಲ, ದುಡಿಯುವ ಧಣಿ ಬಿಸಿಲು. ಈ ಒಂದು ವ್ಯತ್ಯಾಸವನ್ನು ಮುಚ್ಚಿಟ್ಟೇ ಡಬ್ಬಿ ಮಾರುವವರು ದುಡ್ಡು ಮಾಡುತ್ತಾರೆ.

ಮನೆಯಲ್ಲಿ ಪ್ರಯೋಗ ಮಾಡುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಭೇಷ್ ಅನ್ನಬೇಕು. ಸಿಟ್ಟು ಇರೋದು ಒಂದೂ ಪ್ರಶ್ನೆ ಕೇಳದೆ "ಗ್ರಾಮೀಣ ವಿಜ್ಞಾನಿ" ಅಂತ ಹಾರ ಹಾಕುವ ಟಿವಿಯವರ ಮೇಲೆ. ಅದನ್ನು ನಂಬಿ ಸಾವಿರಾರು ರೂಪಾಯಿ ಕಳೆದುಕೊಳ್ಳೋದು ದಿನದ ಬಾಡಿಗೆ ನಂಬಿದ ಆಟೋದವನು. ಕೇಳಬೇಕಾದ್ದು ಇಷ್ಟೇ: ಟ್ಯಾಂಕ್ ಫುಲ್ ಮಾಡಿ, ಬೀಗ ಹಾಕಿ, ಅದೇ ರಸ್ತೆ, ಅದೇ ಭಾರದಲ್ಲಿ ಡಬ್ಬಿ ಇಟ್ಟು ಹತ್ತು ಸಲ, ಇಡದೆ ಹತ್ತು ಸಲ ಓಡಿಸಿ ಅಳೆದು ತೋರಿಸ್ತೀರಾ?

ತೋರಿಸುವವರೆಗೂ ಜೇಬಿಗೆ ಕೈ ಹಾಕಬೇಡಿ. ಏನಂತೀರಿ?