ದೋಷ ಹುಡುಕುವುದೂ ದುಡಿಮೆಯೇ

ಕಳೆದ ತಿಂಗಳು ಖಡಕಿಯಲ್ಲಿ, ಹಳೆಯ ಮುಂಬಯಿ ರಸ್ತೆಯ ಬದಿಯ ಒಂದು ಗ್ಯಾರೇಜಿನಲ್ಲಿ ಕಂಡ ಪ್ರಸಂಗವಿದು. ಕಲಬುರ್ಗಿ ಕಡೆಯ ನಮ್ಮ ತರುಣನೊಬ್ಬ ಅಲ್ಲಿ ಮಿಸ್ತ್ರಿ. ಹಳೆಯ ಕಾರೊಂದರ ಸರಳು-ಕೊಂಡಿಯ ಕ್ಲಚ್ಚನ್ನು ತೆಗೆದು, ಎಣ್ಣೆಯ ಒತ್ತಡದಿಂದ ನಡೆಯುವ ಕ್ಲಚ್ಚನ್ನು ಕೂಡಿಸಿದ್ದ. ಪೆಡಲು ಪೂರ್ತಿ ತುಳಿದರೂ ಗೇರು ಗರಗರ ಎನ್ನುತ್ತಿತ್ತು. ಮಾಲೀಕರು, "ಹೊಸ ಸಾಮಾನು ಹಾಕಿದ ಮೇಲೂ ಗೇರು ಬೀಳದಿದ್ದರೆ ನಿನ್ನ ಕೈಯೇ ಸರಿಯಿಲ್ಲ" ಎಂದು ಮೂರು ದಿನದ ಪಗಾರ ಮುರಿದುಕೊಂಡರು.

ಕೈ ಸರಿಯಿರಲಿಲ್ಲವೇ? ನೋಡೋಣ. ಅಂಬಾಸಡರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಇಂಥ ಹಳೆಯ ಗಾಡಿಗಳಿಗೆ ಬೇರೆ ಬೇರೆ ಗಾಡಿಗಳ ಭಾಗಗಳನ್ನು ಜೋಡಿಸಬೇಕಾಗುತ್ತದೆ. ಹೀಗೆ ಜೋಡಿಸಿದಾಗ ದೋಷವನ್ನು ಕ್ರಮದಿಂದ ಹುಡುಕಬೇಕು. ಪೆಡಲನ್ನು ನಾಲ್ಕು ಸಲ ಬೇಗಬೇಗ ತುಳಿದಾಗ ಮಾತ್ರ ಗೇರು ಬಿದ್ದರೆ ಕೊಳವೆಯಲ್ಲಿ ಗಾಳಿಯಿದೆಯೆಂದು ಸಂಶಯಿಸಬೇಕು. ತುಳಿದು ಹಿಡಿದಿದ್ದರೂ ಕಾರು ಮೆಲ್ಲಗೆ ಸರಿಯತೊಡಗಿದರೆ ರಬ್ಬರು ವಾಶರು ಸೋರುತ್ತಿರಬಹುದು. ಒಬ್ಬರು ತುಳಿಯುವಾಗ ಸಿಲಿಂಡರು ಹಿಡಿದ ಪಟ್ಟಿಯೇ ಬಾಗಿದರೆ ತುಳಿತವೆಲ್ಲ ಅಲ್ಲಿಯೇ ವ್ಯರ್ಥ.

ಇಲ್ಲಿ ಇವೊಂದೂ ಇರಲಿಲ್ಲ. ನಿವೃತ್ತ ಫಿಟ್ಟರೊಬ್ಬರು ಬಂದು ಪಟ್ಟಿಯಿಂದ ಅಳೆದರು. ಪೆಡಲಿನ ಕಡೆಯ ಸಿಲಿಂಡರಿನ ಒಳವ್ಯಾಸ 20 ಮಿ.ಮೀ., ಕ್ಲಚ್ಚಿನ ಕಡೆಯದು 25 ಮಿ.ಮೀ. ಮೇಲಿನ ಪಿಸ್ಟನ್ನು 25 ಮಿ.ಮೀ. ಸರಿದರೆ ಕೆಳಗಿನದು 16 ಮಿ.ಮೀ. ಮಾತ್ರ ಸರಿಯುತ್ತದೆ. ಕ್ಲಚ್ಚು ಬಿಡಲು ಅಷ್ಟು ಸಾಲದು. ಕೆಳಗೆ 22 ಮಿ.ಮೀ.ನ ಸಿಲಿಂಡರು ಹಾಕಿದಾಗ ಸರಿತ 20 ಮಿ.ಮೀ. ದಾಟಿತು. ಪೆಡಲು ಕೊಂಚ ಭಾರವಾಯಿತು, ಗೇರು ಸದ್ದಿಲ್ಲದೆ ಬಿದ್ದಿತು. 25ರ ಸಿಲಿಂಡರನ್ನು ಅಗ್ಗಕ್ಕೆ ತಂದವರು ಮಾಲೀಕರೇ.

ಮಿಸ್ತ್ರಿಯದೂ ತಪ್ಪುಂಟು. ಅಳೆಯದೆ ಮೂರು ಸಲ ಗಾಳಿ ತೆಗೆಯುತ್ತ ಕುಳಿತ. ಆದರೆ ಅಳೆಯಲು ಅವನಿಗೆ ಸಮಯ ಕೊಟ್ಟವರಾರು? ಬೋಲ್ಟು ಬಿಗಿದ ಗಳಿಗೆಗೆ ಮಜೂರಿಯುಂಟು, ಯೋಚಿಸಿದ ಗಳಿಗೆಗೆ ಇಲ್ಲ.

ಇದು ಗ್ಯಾರೇಜಿನ ಮಾತಷ್ಟೇ ಅಲ್ಲ. ನೂಲು ಕಚ್ಚಾ ಇದ್ದು ಬಟ್ಟೆ ಕೆಟ್ಟರೂ ಮಿಲ್ಲಿನಲ್ಲಿ ನೇಕಾರನನ್ನೇ ಹಿಡಿಯುತ್ತಿದ್ದರು. ಹೋಟೆಲಿನಲ್ಲಿ ಕಪ್ಪು ಒಡೆದರೆ ಹುಡುಗನ ಪಗಾರಕ್ಕೇ ಕತ್ತರಿ. ಕಾರ್ಮಿಕನ ಅಲಕ್ಷ್ಯದಿಂದಲೇ ನಷ್ಟವಾಗಿದ್ದರೆ ಮಾತ್ರ, ಅದೂ ಅವನ ಮಾತು ಕೇಳಿದ ಮೇಲೆಯೇ ಪಗಾರ ಮುರಿಯಬೇಕೆಂದು 1936ರ ವೇತನ ಪಾವತಿ ಕಾಯದೆ ವಿಧಿಸಿತ್ತು. 2019ರ ವೇತನ ಸಂಹಿತೆಯೂ ಆ ತತ್ತ್ವವನ್ನು ಉಳಿಸಿಕೊಂಡಿದೆ.

ಬಂಧುಗಳೇ, ಕೆಲಸ ಹಿಡಿಯುವ ಮೊದಲು ಅಳೆಯಿರಿ, ಅಳತೆಯನ್ನು ಬರೆದಿಡಿ. ಸಾಮಾನು ತಂದವರಾರೆಂಬುದನ್ನೂ ಬರೆಯಿರಿ. ದೋಷ ಹುಡುಕಿದ ಹೊತ್ತಿಗೂ ಮಜೂರಿ ಕೇಳಿರಿ. ಆ ತರುಣನ ಮೂರು ದಿನದ ಪಗಾರ ಇನ್ನೂ ಬರಬೇಕಾಗಿದೆ.