ಇಪ್ಪತ್ನಾಲ್ಕು ಕಣಗಳ ಸಾಕ್ಷಿ

1987ರ ಫೆಬ್ರವರಿ 23. ಜಪಾನಿನ ಕಾಮಿಯೋಕಾ ಗಣಿಯೊಳಗಿನ ನೀರಿನ ತೊಟ್ಟಿಯಲ್ಲಿ ಹನ್ನೊಂದು ಸಲ ಮಂದ ಬೆಳಕು ಮಿನುಗಿತು. ಅಮೆರಿಕದ ಓಹಾಯೋದ ಉಪ್ಪಿನ ಗಣಿಯಲ್ಲಿ ಎಂಟು ಸಲ, ರಷ್ಯಾದ ಬಾಕ್ಸಾನ್‌ನಲ್ಲಿ ಐದು. ಆಯಾ ಕಡೆ ಹದಿಮೂರು ಸೆಕೆಂಡಿನೊಳಗೆ ಎಲ್ಲ ಮುಗಿಯಿತು. ಆಗ ಯಾರಿಗೂ ಗೊತ್ತಾಗಲಿಲ್ಲ. ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದ ನಕ್ಷತ್ರವೊಂದು ಸಿಡಿದದ್ದು ಚಿಲಿಯಲ್ಲಿ ಕಣ್ಣಿಗೆ ಬಿದ್ದ ಮೇಲೆ ಹಳೆಯ ಟೇಪುಗಳನ್ನು ತಿರುಗಿಸಿ ನೋಡಿದರು.

ಸಿಕ್ಕಿದ್ದು ನ್ಯೂಟ್ರಿನೋ. ಇಡೀ ಭೂಮಿಯನ್ನೇ ತಾಕದೆ ದಾಟಿಹೋಗುವ ಕಣ. ನಕ್ಷತ್ರದ ಗರ್ಭ ಕುಸಿದಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ಹೊತ್ತೊಯ್ಯುವುದು ಇದೇ. ನಮಗೆ ಕಾಣುವ ಬೆಳಕು ಬರೀ ಚಿಲ್ಲರೆ.

ಆದರೆ ಹದಿಮೂರು ಸೆಕೆಂಡು ಯಾಕೆ ಹಿಡಿಯಿತು? ಕುಸಿದ ಗರ್ಭ ಕೆಲವೇ ಹತ್ತು ಕಿಲೋಮೀಟರ್ ಅಗಲ. ಅಡ್ಡಿಯಿಲ್ಲದಿದ್ದರೆ ನ್ಯೂಟ್ರಿನೋ ಸೆಕೆಂಡಿನ ಸಾವಿರದಲ್ಲೊಂದು ಭಾಗದೊಳಗೆ ಹೊರಗಿರಬೇಕಿತ್ತು. ಅಲ್ಲಿಯ ದ್ರವ್ಯವಾದರೋ ಒಂದು ಚಮಚಕ್ಕೆ ನೂರು ಕೋಟಿ ಟನ್ನಿಗೂ ಮಿಗಿಲು! ಸಂಜೆ ಆರಕ್ಕೆ ದಾದರ್ ಸೇತುವೆ ಇಳಿದವರಿಗೆ ಬಿಡಿಸಿ ಹೇಳಬೇಕಿಲ್ಲ; ತಳ್ಳಿಸಿಕೊಂಡು, ದಿಕ್ಕು ತಪ್ಪಿ, ಮತ್ತೆ ತಳ್ಳಿಸಿಕೊಂಡು ಹೊರಬರಬೇಕು. ಆ ತಡವೇ ಇಲ್ಲಿ ಅಳತೆಗೋಲು. ಅಂಥ ಸಾಂದ್ರತೆ ಯಾವ ಪ್ರಯೋಗಾಲಯದಲ್ಲೂ ಇಷ್ಟು ದೊಡ್ಡ ಪ್ರಮಾಣದಲ್ಲಿ ಸಿಗದು. ಬೇರೆ ಅಜ್ಞಾತ ಕಣಗಳು ಶಕ್ತಿಯನ್ನು ಕದ್ದೊಯ್ದಿದ್ದರೆ ಮಿನುಗು ಬೇಗ ಆರುತ್ತಿತ್ತು, ಹಾಗಾಗಲಿಲ್ಲ. ಗರ್ಭದೊಳಗೆ ನ್ಯೂಟ್ರಾನುಗಳು ಒಡೆದು ಕ್ವಾರ್ಕುಗಳಾದರೆ ನ್ಯೂಟ್ರಿನೋಗಳ ಎರಡನೆಯ ಅಲೆ ಬರಬಹುದೆಂದು ಕೆಲವು ಲೆಕ್ಕಾಚಾರಗಳಿವೆ. ಅದನ್ನು ತೀರ್ಮಾನಿಸಲು ಇಪ್ಪತ್ನಾಲ್ಕು ಏನೇನೂ ಸಾಲದು.

ಕಾಮಿಯೋಕಾದ ತೊಟ್ಟಿ ಕಟ್ಟಿದ್ದು ಇದಕ್ಕಲ್ಲ, ಪ್ರೋಟಾನ್ ಸಾಯುತ್ತದೆಯೇ ಎಂದು ನೋಡಲು. ಅದೇ ಹುಡುಕಾಟ ಅದೇ ದಶಕದಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ ನಡೆದಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1965ರಲ್ಲಿ ವಿದೇಶಿ ಸಹೋದ್ಯೋಗಿಗಳೊಡನೆ ಭೂವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಗುರುತಿಸಿದ್ದೂ ಅಲ್ಲೇ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ. ಜಗತ್ತಿನಲ್ಲೇ ಮೊದಲ ಸಾಲಿನ ಕೆಲಸ. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಮುಗಿದರೆ ಗಣಿಯ ಬೆಲೆಯೂ ಮುಗಿಯಿತೆಂದು ನಾವು ಎಣಿಸಿದ್ದು ನನಗಂತೂ ಹೊಟ್ಟೆ ಉರಿಸುವ ಸಂಗತಿ.

ಜಪಾನಿನವರು ಐವತ್ತು ಸಾವಿರ ಟನ್ ನೀರಿನ ಸೂಪರ್ ಕಾಮಿಯೋಕಾಂಡೆ ಕಟ್ಟಿಕೊಂಡರು. ನಮ್ಮ ಗ್ಯಾಲಕ್ಸಿಯಲ್ಲೇ ನಕ್ಷತ್ರವೊಂದು ಹೀಗೆ ಕುಸಿದರೆ ಅದಕ್ಕೆ ಸಾವಿರಾರು ನ್ಯೂಟ್ರಿನೋ ಸಿಕ್ಕಾವು. ಶತಮಾನಕ್ಕೆ ಒಂದೋ ಎರಡೋ ಎಂಬ ಅಂದಾಜು. ಬೇರೆಬೇರೆ ದೇಶಗಳ ಯಂತ್ರಗಳನ್ನು ಈಗ ಜೋಡಿಸಿಟ್ಟಿದ್ದಾರೆ. ಬೆಳಕು ತಲುಪುವ ಮೊದಲೇ ಖಗೋಳಜ್ಞರಿಗೆ ಸಂದೇಶ ಹೋಗುತ್ತದೆ. ಟೇಪು ತಿರುಗಿಸುವ ಕೆಲಸವಿಲ್ಲ.