ಬಚ್ಚಲುಮನೆಯ ಹಿಡಿಸರಳು

ನಮ್ಮ ತಾಯಿಯವರು ನಸುಕಿನಲ್ಲೆದ್ದು ಸ್ನಾನ ಮುಗಿಸಿಯೇ ಪೂಜೆಗೆ ಕುಳಿತುಕೊಳ್ಳುವವರು. ಎಂಬತ್ತು ದಾಟಿದರೂ ಆ ಕ್ರಮ ತಪ್ಪಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ದಿನ ಸಾಬೂನಿನ ನೀರಿಗೆ ಕಾಲು ಜಾರಿತು. ಅವರು ಗೋಡೆಯಲ್ಲಿದ್ದ ಟವೆಲ್ ಸರಳನ್ನು ಹಿಡಿದರು. ಅದು ಎರಡು ಟೈಲ್ಸ್ ಸಮೇತ ಕೈಗೆ ಬಂದಿತು. ಮುಂಗೈ ಮೂಳೆ ಮುರಿಯಿತು. ಬಟ್ಟೆಯ ಭಾರಕ್ಕೆ ಮಾಡಿದ ಸರಳು ಮನುಷ್ಯರ ಭಾರವನ್ನು ಹೊರಲಾರದೆಂಬುದನ್ನು ನಾನು ಮೊದಲೇ ಯೋಚಿಸಬೇಕಿತ್ತು.

ವೃದ್ಧರಿರುವ ಮನೆಯ ಬಂಧುಗಳು ಒಂದು ಮಾತನ್ನು ಗಮನಿಸಬೇಕು. ಹಿಡಿಸರಳನ್ನು ಹೊರುವುದು ಟೈಲ್ಸ್ ಅಲ್ಲ, ಅದರ ಹಿಂದಿನ ಇಟ್ಟಿಗೆ. ಬಹುಕಾಲ ನೀರು ಕುಡಿದ ಗೋಡೆಯಲ್ಲಿ ಟೈಲ್ಸ್ ಗಾರೆಯನ್ನು ಬಿಟ್ಟು ನಿಂತಿರುವುದುಂಟು. ನಾಣ್ಯದಿಂದ ಮೆಲ್ಲಗೆ ತಟ್ಟಿದರೆ ಅಲ್ಲಿ ಪೊಳ್ಳು ಸದ್ದು ಕೇಳುತ್ತದೆ. ಅಂತಹ ಟೈಲ್ಸ್ ತೆಗೆಸಿ, ಹೊಸ ಗಾರೆಯಲ್ಲಿ ಕೂರಿಸಿ, ಚೆನ್ನಾಗಿ ಗಟ್ಟಿಯಾದ ಬಳಿಕವೇ ರಂಧ್ರ ಕೊರೆಸಬೇಕು. ನಲ್ಲಿಯ ಮೇಲೆ ಕೆಳಗೆ, ಗೀಸರಿನ ನೇರಕ್ಕೆ ಕೊರೆಯುವುದು ಬೇಡ; ಗೋಡೆಯೊಳಗೆ ಪೈಪು, ತಂತಿಗಳಿರುತ್ತವೆ.

ಕೊರೆಯುವಲ್ಲಿ ಕಾಗದದ ಟೇಪು ಅಂಟಿಸಿದರೆ ಡ್ರಿಲ್ಲಿನ ಮೊನೆ ಜಾರುವುದಿಲ್ಲ. ಟೈಲ್ಸ್ ದಾಟುವವರೆಗೆ ಅದಕ್ಕೆಂದೇ ಇರುವ ಮೊನೆಯಿಂದ, ಯಂತ್ರದ ಬಡಿತ ನಿಲ್ಲಿಸಿ, ನಿಧಾನವಾಗಿ ಕೊರೆಯಬೇಕು. ನಮ್ಮ ಕೆಲಸಗಾರನು ಅವಸರಪಟ್ಟು ಒಂದು ಟೈಲ್ಸ್ ಸೀಳಿಸಿಯೇ ಪಾಠ ಕಲಿತನು. ಪ್ಲಗ್ಗು ಇಟ್ಟಿಗೆಯೊಳಗೆ ಪೂರ್ತಿ ಕೂರಬೇಕು. ನಮ್ಮದು 4½ ಇಂಚಿನ ತೆಳುಗೋಡೆಯಾದ್ದರಿಂದ ಬೋಲ್ಟುಗಳನ್ನು ಆಚೆ ಬದಿಗೆ ಹಾಯಿಸಿ, ಉಕ್ಕಿನ ಪಟ್ಟಿಯಿಟ್ಟು ಬಿಗಿಸಿದೆವು. ನೀರು ಇಳಿಯದಂತೆ ಬುಡದ ಸುತ್ತ ಸಿಲಿಕೋನ್ ಹಚ್ಚಿಸಿದೆವು. ರಬ್ಬರ್ ಬಟ್ಟಲಿನಿಂದ ಗೋಡೆಗೆ ಕಚ್ಚಿಕೊಳ್ಳುವ ಸರಳುಗಳೂ ಅಂಗಡಿಗಳಲ್ಲಿವೆ. ಹಳೆಯ ಗೋಡೆಯಲ್ಲಿ ಅವನ್ನು ನಂಬಿ ಮೈಭಾರ ಬಿಡಲಾಗದು.

ಸರಳು ಸ್ಟೇನ್‌ಲೆಸ್ ಉಕ್ಕಿನದಾಗಿ, 32ರಿಂದ 38 ಮಿಲಿಮೀಟರ್ ದಪ್ಪವಿದ್ದರೆ ಮುಷ್ಟಿಗೆ ಹೊಂದುತ್ತದೆ. ಗೋಡೆಗೂ ಸರಳಿಗೂ ನಡುವೆ ಸುಮಾರು 38 ಮಿಲಿಮೀಟರ್ ಬಿಡುವಿರಲಿ. ಹೆಚ್ಚಾದರೆ ಜಾರಿದ ಕೈ ಅದರೊಳಗೆ ಸಿಕ್ಕಿಕೊಳ್ಳುವ ಭಯವಿದೆ. ನಿಂತು ಸ್ನಾನ ಮಾಡುವವರಿಗೆ ನೆಲದಿಂದ 33ರಿಂದ 36 ಇಂಚು ಎತ್ತರ ರೂಢಿಯಲ್ಲಿದೆ. ಆದರೆ ನಮ್ಮ ಹಿರಿಯರಲ್ಲಿ ಅನೇಕರು ಮಣೆಯ ಮೇಲೆ ಕುಳಿತು ನೀರು ಹೊಯ್ದುಕೊಳ್ಳುವವರು. ಆದ್ದರಿಂದ ಒಣನೆಲದಲ್ಲಿ ತಾಯಿಯವರನ್ನು ಕೂರಿಸಿ, ಏಳಿಸಿ, ಅವರ ಕೈ ತಾನಾಗಿ ಹೋದಲ್ಲಿ ಗುರುತು ಹಾಕಿದೆವು. ಹೊಸ್ತಿಲ ಬಳಿ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿದೆವು.

"ಇದೇನಪಾ, ಮನೀನ ದವಾಖಾನಿ ಮಾಡಿಬಿಟ್ಟಿ?" ಎಂದು ಅವರು ಮುನಿಸಿಕೊಂಡರು. ಮೊದಲ ವಾರ ಅದನ್ನು ಮುಟ್ಟಲೂ ಇಲ್ಲ. ಈಗ ಮೊಮ್ಮಕ್ಕಳು ಅದರ ಮೇಲೆ ಟವೆಲ್ ಹಾಕಿದರೆ ಗದರಿಸಿ ತೆಗೆಸುತ್ತಾರೆ.